ಗೆಣಸಿನ ಗುಂಡಿಯ ಕಲ್ಲು

ಹೊಸೂರಿನಾಚೆ ಸೂಳಗಿರಿಯ ಹತ್ತಿರದ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ನಟ್ಟು ಬೋಲ್ಟು ತಪಾಸಣೆ ಮಾಡಿಕೊಂಡಿದ್ದ ನನಗೆ ನೆಲದ ಮೇಲೆ ಏಕಾಏಕಿ ಪ್ರೀತಿ ಉಕ್ಕಿತು. ನಮ್ಮೂರ ಗುಡ್ಡದ ಬುಡದಲ್ಲಿ ಪಟ್ಟಣದವರಿಗೆ ನೆಲದಿಂದಲೇ ಪಾಠ ಕಲಿಸುವ ಕೇಂದ್ರವೊಂದು ತೆರೆದಿದೆ, ಅಲ್ಲಿ ನೈಟ್ ಶಿಫ್ಟ್ ಇಲ್ಲ ಎಂದು ತಿಳಿದ ದಿನವೇ ಉಕ್ಕಿದ್ದು. ಮನೆಯಲ್ಲಿ ಕಲಿತ ಕನ್ನಡ, ಸ್ಕೂಲಿನ ತಮಿಳು, ಮ್ಯಾನೇಜರ್ ಬೈದು ಕಲಿಸಿದ ಇಂಗ್ಲಿಷ್ ಇಷ್ಟಿದ್ದರೆ ಪರಿಸರ ಕಾಪಾಡಲು ಸಾಕು ಎಂದು ಅವರೂ ಒಪ್ಪಿದರು. ದುಭಾಷಿ ಕೆಲಸದ ಜೊತೆಗೆ ಒಂದು ಹಸಿರು ಟೋಪಿಯನ್ನೂ ಕೊಟ್ಟರು.

ಪಾಠ ಹೇಳುವವರು ಗುಡ್ಡದಾಚೆಯ ಇರುಳ ಬುಡಕಟ್ಟಿನ ಹಟ್ಟಿಯ ಒಬ್ಬ ಅಜ್ಜಿ. ಕಾಡುಗೆಣಸು ಅಗೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕೇಂದ್ರದ ಕಾಗದಗಳಲ್ಲಿ ಅವರು ‘ಪಾರಂಪರಿಕ ಜ್ಞಾನದ ಸಂಪನ್ಮೂಲ ವ್ಯಕ್ತಿ’. ಹಾಗೆಂದರೇನು ಎಂದು ಅವರು ಕೇಳಿದಾಗ ‘ಟೀಚರಮ್ಮ’ ಎಂದೆ.

“ಅಂಗಾದ್ರೆ ಆ ಹೆಡ್ ಮೇಡಮ್ಮು ನನ್ನ ಯಾಕ್ಲಾ ಬಾಯಿ ಬುಡಾಕೇ ಬುಡಾಕಿಲ್ಲ?” ಎಂದರು.

ಅಜ್ಜಿಯ ಹಟ್ಟಿಯವರಿಗೆ ಆ ಗೆಣಸು ಪಾಠವಲ್ಲ, ಕೂಲಿ ಸಿಗದ ತಿಂಗಳುಗಳ ಊಟ. ಅದಕ್ಕೇ ಅಗೆಯುವುದಕ್ಕೆ ಅವರದೊಂದು ಕ್ರಮವಿತ್ತು. ಗೆಡ್ಡೆಯನ್ನು ಕತ್ತರಿಸಿಕೊಂಡು, ಬಳ್ಳಿ ಅಂಟಿಕೊಂಡ ತಲೆಯ ತುಂಡನ್ನು ಮತ್ತೆ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚುತ್ತಿದ್ದರು. ಪಕ್ಕದಲ್ಲಿ ಅಂಗೈಯಗಲದ ಚಪ್ಪಟೆ ಕಲ್ಲೊಂದನ್ನು ಇಡುತ್ತಿದ್ದರು. ಕಲ್ಲು ಇದ್ದರೆ ಮೂರು ಮಳೆಗಾಲ ಆ ಗುಂಡಿಯನ್ನು ಯಾರೂ ಮುಟ್ಟುವಂತಿಲ್ಲ. ರಿಜಿಸ್ಟರು, ಆ್ಯಪು ಏನೂ ಇಲ್ಲದೆ ಗುಡ್ಡದ ಲೆಕ್ಕ ಸರಿಯಾಗಿತ್ತು.

ಒಂದು ಸಲ ಬೆಂಗಳೂರಿನಿಂದ ಬಂದ ತಂಡವನ್ನು ವೃತ್ತದಲ್ಲಿ ಕೂರಿಸಿ ಮಾತಾಡಿಸಬೇಕೆಂದು ಕೇಂದ್ರದ ಮೇಡಮ್ಮಿಗೆ ಮನಸ್ಸಾಯಿತು. ಪ್ಲಾಸ್ಟಿಕ್ ಕುರ್ಚಿ ನೆಲಕ್ಕೆ ಅವಮಾನವಂತೆ. ಹಾಗಾಗಿ ಒಬ್ಬೊಬ್ಬರೂ ಗುಡ್ಡದಲ್ಲಿ ಮೌನವಾಗಿ ಸುತ್ತಾಡಿ, ತಮ್ಮನ್ನು ‘ಕರೆದ’ ಒಂದು ಕಲ್ಲನ್ನು ತಂದು ಮುಂದಿಟ್ಟುಕೊಂಡು ನೆಲದ ಮೇಲೇ ವೃತ್ತವಾಗಿ ಕೂರಬೇಕು. ಬಂಡೆಗಳೇ ತುಂಬಿರುವ ಗುಡ್ಡ ನಮ್ಮದು. ಆದರೂ ಪ್ರತಿಯೊಬ್ಬರನ್ನೂ ಕರೆದದ್ದು ಗೆಣಸಿನ ಗುಂಡಿಯ ಪಕ್ಕದ ಚಪ್ಪಟೆ ಕಲ್ಲೇ. ಎತ್ತಲು ಹಗುರ, ಫೋಟೋಗೂ ಚೆಂದ.

ಅಜ್ಜಿ ನನ್ನ ತೋಳು ಹಿಡಿದು ಜಗ್ಗಿದರು. “ಲೇ, ಕಲ್ಲು ಎತ್ತಬ್ಯಾಡಿ ಅಂತ ಹೇಳ್ಲಾ. ಯಾವ ಗುಂಡಿ ಅಗೆದಿರಾದು, ಯಾವ್ದು ಅಗೆಯಾದು ಅಂತ ಆಮೇಲೆ ಹೆಂಗ್ ಗೊತ್ತಾಯ್ತದೆ?”

ಮೌನ ಮುರಿದದ್ದಕ್ಕೆ ಮೇಡಮ್ಮು ಆಗಲೇ ನನ್ನನ್ನು ಗುರಾಯಿಸುತ್ತಿದ್ದರು. ಕಾರ್ಯಕ್ರಮ ಒಂದು ಗಂಟೆ ತಡವಾಗಿತ್ತು, ಕೆಳಗೆ ಮುದ್ದೆ ಆರುತ್ತಿತ್ತು. ನಾನು ಇಂಗ್ಲಿಷಿನಲ್ಲಿ, “ಕಲ್ಲಿನ ಕೆಳಗೆ ಚೇಳಿರಬಹುದು, ಹುಷಾರು ಅನ್ನುತ್ತಿದ್ದಾರೆ” ಎಂದೆ. ಎಲ್ಲರೂ ಅಜ್ಜಿಗೆ ಕೈಮುಗಿದು, ಬಲು ಹುಷಾರಾಗಿ ಕಲ್ಲುಗಳನ್ನು ಎತ್ತಿಕೊಂಡರು. ತಾವು ಹೇಳಿದ್ದನ್ನೇ ನಾನು ಹೇಳಿದೆ, ಆದರೂ ಅವರು ಕೇಳಲಿಲ್ಲ ಎಂದುಕೊಂಡು ಅಜ್ಜಿ ಗುಡ್ಡ ಇಳಿದು ಹೋದರು.

ಮಾರನೆಯ ವಾರವೇ ಅವರು ಮೊಮ್ಮಗಳ ಬಾಣಂತನಕ್ಕೆಂದು ಡೆಂಕಣಿಕೋಟೆ ಕಡೆಗೆ ಹೋದರು. ಪಾಠ ನಿಲ್ಲಬಾರದಲ್ಲ, ಮುಂದಿನ ತಂಡಗಳನ್ನು ಗುಡ್ಡ ಹತ್ತಿಸುವ ಭಾರ ನನ್ನ ಮೇಲೆ ಬಿತ್ತು. ಗುರುತಿನ ಕಲ್ಲಿಲ್ಲದ ಗುಡ್ಡದಲ್ಲಿ ಎಲ್ಲ ಗುಂಡಿಯೂ ಒಂದೇ. ಹೋದ ವರ್ಷ ಅಗೆದ ಕಡೆ ಮಣ್ಣು ಮೆತ್ತಗಿರುತ್ತದೆ, ಪಿಕಾಸಿ ಸಲೀಸಾಗಿ ಇಳಿಯುತ್ತದೆ. ಅಲ್ಲೇ ಅಗೆಸಿದೆ. ಬೆರಳು ಗಾತ್ರದ ಎಳೆ ಗೆಡ್ಡೆಗಳು ಸಿಕ್ಕವು. ಎಲ್ಲರೂ ಮುದ್ದಾಗಿವೆ ಎಂದರು.

ಮುಂದಿನ ಮಳೆಗೆ ಗುಡ್ಡದ ಆ ಮಗ್ಗುಲಲ್ಲಿ ಬಳ್ಳಿಯೇ ಏಳಲಿಲ್ಲ. ವಾಪಸು ಬಂದ ಅಜ್ಜಿ ಒಂದೊಂದು ಗುಂಡಿಯನ್ನೂ ಕೋಲಿನಲ್ಲಿ ಕೆದಕಿ ನೋಡಿದರು.

“ಅವತ್ತು ನಾನು ಹೇಳಿದ್ನ ಅವ್ರಿಗೆ ಹೇಳಿದ್ಯೇನ್ಲಾ?”

“ಚೇಳೈತೆ ಅಂದೆ ಅಜ್ಜಿ.”

“ಇತ್ತು ಬುಡು. ಟೋಪಿ ಹಾಕ್ಕಂಡು ನಿಂತಿತ್ತು.”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೇಡಮ್ಮಿಗೆ ಎಲ್ಲ ತಿಳಿಸಿದೆ. ಅವರಿಗೆ ನಿಜಕ್ಕೂ ಕಣ್ಣು ತುಂಬಿತು, ಮರುದಿನವೇ ಆ ಬಗ್ಗೆ ಒಂದು ವರದಿ ಬರೆದರು. ಅಜ್ಜಿ ಮತ್ತೆ ಕೇಂದ್ರಕ್ಕೆ ಬರಲಿಲ್ಲ. ಈಗ ಹಟ್ಟಿಯ ಹೆಂಗಸರ ಜೊತೆ ವ್ಯಾನು ಹತ್ತಿ ಬಾಗಲೂರಿನ ಗುಲಾಬಿ ಬೆಳೆಯುವ ಶೆಡ್ಡುಗಳಿಗೆ ಕೂಲಿಗೆ ಹೋಗುತ್ತಾರೆ. ಗೆಣಸಿಲ್ಲದ ಮೇಲೆ ಇನ್ನೇನು ಮಾಡುತ್ತಾರೆ? ರಸ್ತೆಯಲ್ಲಿ ಆ ವ್ಯಾನು ಕಂಡರೆ ನಾನು ಮುಖ ತಿರುಗಿಸುತ್ತೇನೆ.

ಗೆಣಸಿನ ಪಾಠ ಈಗ ನನ್ನದೇ. ಹೊಸೂರು ಮಾರ್ಕೆಟ್ಟಿನಿಂದ ಗೆಣಸು ತರಿಸಿ, ತಂಡ ಬರುವ ಮೊದಲು ನಾನೇ ಹೋಗಿ ಗುಂಡಿಗಳಲ್ಲಿ ಹೂತು ಬರುತ್ತೇನೆ. ಅವರು ಅಗೆಯುತ್ತಾರೆ, ಕುಣಿಯುತ್ತಾರೆ. ತಲೆಯ ತುಂಡನ್ನು ಮತ್ತೆ ಮಣ್ಣಿಗಿಡಿ ಎಂದರೆ ಕಣ್ಣು ಮುಚ್ಚಿ ಭಕ್ತಿಯಿಂದ ಇಡುತ್ತಾರೆ. ಇದಕ್ಕೆ ಬಳ್ಳಿ ಎಲ್ಲಿ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.