ಕೈ ಮಾತ್ರ ಸಾಕು ಅಂದಿದ್ದೆ

ಹಿಮ್ಮಡಿ ಒಡೆದಿತ್ತು. ಹಚ್ಚಲು ಏನಾದರೂ ಸಿಕ್ಕೀತೇ ಎಂದು ಕಪಾಟಿನ ಕೆಳಖಾನೆ ತಡಕಿದಾಗ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಉಂಡೆ ಜೇನುಮೇಣ ಕೈಗೆ ಬಂತು. ಮೂಸಿದೆ. ಜೇನು, ಹೊಗೆ, ಸುಟ್ಟ ತೆಂಗಿನ ನಾರು... ಕಾಲಿನ ವಿಷಯ ಮರೆತೇಹೋಯಿತು.

ಅದನ್ನು ಕೊಟ್ಟವರು ಜೇನಣ್ಣ. ಅವರಿಗೊಂದು ಹೆಸರಿತ್ತು, ಆದರೆ ಕೋಡಿಂಬಾಳದ ನಮ್ಮ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಪ್ರತಿ ವರ್ಷ ರಬ್ಬರ್ ಚಿಗುರಿ ಎಳೆ ಎಲೆಯಲ್ಲಿ ಮಕರಂದ ಒಸರುವ ಹೊತ್ತಿಗೆ ಗುತ್ತಿಗಾರಿನಿಂದ ಪಿಕಪ್ಪಿನಲ್ಲಿ ಜೇನುಪೆಟ್ಟಿಗೆಗಳನ್ನು ತಂದು ನಮ್ಮ ತೋಟದಲ್ಲಿ ಇಡುತ್ತಿದ್ದರು. ಅವರು ತೆಗೆದ ಜೇನನ್ನು ಬಾಟಲಿಗೆ ತುಂಬಿಸಿ, ರೀಲ್ಸ್ ಹಾಕಿ ಮಾರುವುದು ನನ್ನ ಕೆಲಸ.

ಪೆಟ್ಟಿಗೆ ತೆರೆಯುವ ಮೊದಲು ಅವರು ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುತ್ತಿದ್ದರು. ನೆಂಟರ ಮನೆಯ ಬಾಗಿಲಲ್ಲಿ ನಿಂತವರ ಹಾಗೆ. ಆಮೇಲೆ ಹುಳಗಳೊಂದಿಗೆ ಮಾತು. "ಬಂದೆ ಮಾರಾಯ್ರೆ, ಕೋಪ ಮಾಡ್ಬೇಡಿ. ಮೇಲಿನದ್ದು ಮಾತ್ರ ತೆಗೆಯುದು, ಕೆಳಗಿನದ್ದು ನಿಮ್ಮ ಸಂಸಾರಕ್ಕೇ ಉಂಟು." ಹೀಗೆ ಶುರುವಾದರೆ ರಾಣಿಹುಳದ ಕ್ಷೇಮ ವಿಚಾರಿಸಿ, ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡಲು ತಡವಾದದ್ದಕ್ಕೆ ಕ್ಷಮೆ ಕೇಳಿ... ಮುಗಿಯುವಾಗ ಫೋನು ಹಿಡಿದ ನನ್ನ ಕೈ ನೋಯುತ್ತಿತ್ತು. ಮೂವತ್ತು ಸೆಕೆಂಡಿಗಿಂತ ಉದ್ದದ್ದನ್ನು ಯಾರು ನೋಡುತ್ತಾರೆ? ಮಾತಿದ್ದ ವೀಡಿಯೊಗಳೆಲ್ಲ ಹಾಗೇ ಫೋನಿನಲ್ಲಿ ಬಿದ್ದುಕೊಂಡವು. ಒಂದನ್ನೂ ಹಾಕಲಿಲ್ಲ.

ಒಂದು ಮಧ್ಯಾಹ್ನ ಫೋನು ಜಾಗವಿಲ್ಲ ಎಂದಿತು. ಹಾಕದೆ ಉಳಿದ ವೀಡಿಯೊಗಳನ್ನು ವ್ಯರ್ಥ ಮಾಡಬೇಡಿ, ಒಳ್ಳೆಯ ತುಣುಕು ಕತ್ತರಿಸಿ, ದನಿ ತೆಗೆದು ಹಾಡು ಸೇರಿಸಿ, ಮೂಲದ್ದು ಅಳಿಸಿಬಿಡಿ ಎಂದು ಯಾರೋ ಹೇಳಿದ್ದನ್ನು ಕೇಳಿದ್ದೆ. ಅದೇ ಸರಿ ಅನಿಸಿತು. ಊಟದ ತಟ್ಟೆ ತೊಳೆಯದೆ ಕೂತು, ನಾಲ್ಕು ವರ್ಷದ್ದನ್ನು ಸಂಜೆಯೊಳಗೆ ಗುಡಿಸಿ ಹಾಕಿದೆ. ಫೋನಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಜೇನಣ್ಣನ ಕೈ, ಹೊಗೆ, ಗೂಡಿನ ಎರಿಯಿಂದ ತೊಟ್ಟಿಕ್ಕುವ ಜೇನು, ಹಿಂದೆ ಸಿನಿಮಾ ಹಾಡು. ಇಪ್ಪತ್ತು ರೀಲ್ಸ್ ಆಯಿತು. ಎಂಥ ಜಾಣೆ ನಾನು ಎಂದುಕೊಂಡೆ. ಅವರಿಗೂ ತೋರಿಸಿದೆ. "ಚಂದ ಉಂಟು. ಹುಳಗಳೂ ಹಾಡ್ತಾವಾ ಈಗ?" ಎಂದು ನಕ್ಕರು.

ಆ ಮಳೆಗಾಲ ಜೇನಣ್ಣನಿಗೆ ಎದೆನೋವು ಬಂತಂತೆ. ಸುಳ್ಯದ ಆಸ್ಪತ್ರೆಗೆ ಮುಟ್ಟುವ ಮೊದಲೇ ಹೋದರು...

ಹದಿನೈದು ದಿನ ಕಳೆದು ಅವರ ಹೆಂಡತಿ ಬಸ್ಸು ಹತ್ತಿ ನಮ್ಮಲ್ಲಿಗೆ ಬಂದರು. ಅಕ್ಕ ಅನ್ನುತ್ತೇನೆ ನಾನು ಅವರನ್ನು. ಕೊಟ್ಟ ಚಾ ಮುಟ್ಟಲಿಲ್ಲ. "ನೀನು ತುಂಬ ವೀಡಿಯೊ ಮಾಡ್ತಿದ್ದೆಯಲ್ಲ. ಅವರ ಸ್ವರ ಇರುದು ಒಂದು ಕೊಡು. ನಮ್ಮ ಫೋನಲ್ಲಿ ಎಂತದ್ದೂ ಇಲ್ಲ." ಹುಡುಕಿ ಕೊಡುತ್ತೇನೆ ಎಂದೆ.

ಅಳಿಸಿದ್ದನ್ನು ಮರಳಿ ತೆಗೆಸಲು ಪುತ್ತೂರಿನ ಮೊಬೈಲ್ ಅಂಗಡಿಗೆ ಮೂರು ಸಲ ಹೋದೆ. ಮೂರು ಸಲವೂ ಆಗುವುದಿಲ್ಲ ಎಂದು ತಲೆಯಾಡಿಸಿದರು. ಪೆಟ್ಟಿಗೆಯ ಕೆಳಗಿನ ಜೇನನ್ನು ಹುಳಗಳಿಗೇ ಬಿಡುತ್ತಿದ್ದ ಮನುಷ್ಯನಿಂದ ನಾನು ಪೂರ್ತಿ ಹಿಂಡಿಕೊಂಡಿದ್ದೆ, ಅವರ ಮನೆಯವರಿಗೆ ಒಂದು ಹನಿಯನ್ನೂ ಬಿಡದೆ.

ಒಂದೇ ಒಂದು ತುಣುಕು ತಪ್ಪಿ ಉಳಿದಿದೆ. ಏಳು ಸೆಕೆಂಡು. ಜೇನಣ್ಣ ಪೆಟ್ಟಿಗೆಗೆ ಎರಡು ಸಲ ಬಡಿಯುತ್ತಾರೆ. ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ನನ್ನ ದನಿ: "ಅಣ್ಣ, ಮಾತು ಬೇಡ, ಕೈ ಮಾತ್ರ ಸಾಕು." ಅವರು ಬಾಯಿ ಮುಚ್ಚಿ ನಗುತ್ತಾರೆ. ಅಲ್ಲಿಗೆ ಮುಗಿಯಿತು. ಇದನ್ನು ಅಕ್ಕನಿಗೆ ಹೇಗೆ ಕಳುಹಿಸಲಿ?

ಮೂರು ವರ್ಷವಾಯಿತು. ರಬ್ಬರ್ ಈಗ ಮತ್ತೆ ಚಿಗುರಿದೆ, ತೋಟದಲ್ಲಿ ಪೆಟ್ಟಿಗೆಗಳಿಲ್ಲ. ಮೇಣದ ಉಂಡೆಯನ್ನು ಹಚ್ಚದೆ ಹಾಗೇ ಡಬ್ಬಿಯೊಳಗಿಟ್ಟೆ. ಸಂಜೆ ಅಕ್ಕನ ಫೋನು ಬಂತು, ವರ್ಷವರ್ಷ ಈ ಹೊತ್ತಿಗೆ ಬರುವ ಹಾಗೆಯೇ.

"ಎಲ್ಲಿಯಾದ್ರೂ ಸಿಕ್ಕಿತಾ ಮಾರಾಯ್ತಿ?"

"ಹುಡುಕ್ತಾ ಇದ್ದೇನೆ ಅಕ್ಕ," ಅಂದೆ.

"ಅವಸರ ಇಲ್ಲ, ನಿಧಾನ ಹುಡುಕು," ಅಂದರು.