ತಂಗಿಯ ಫೋಟೊಗೆ ಪ್ಲಸ್ ಎರಡು

ನನ್ನ ಕ್ಯಾಮೆರಾದ ತಲೆಯ ಮೇಲೆ ಒಂದು ಚಿಕ್ಕ ಚಕ್ರವಿದೆ. ನಡುವೆ ಸೊನ್ನೆ, ಒಂದು ಕಡೆ ಬೆಳಕು ಹೆಚ್ಚಿಸುವ ಪ್ಲಸ್, ಇನ್ನೊಂದು ಕಡೆ ತಗ್ಗಿಸುವ ಮೈನಸ್. ಬಿಳಿ ಗೋಡೆ ಎದುರಿಗಿದ್ದರೆ ಕ್ಯಾಮೆರಾ ಬೆಳಕು ಜಾಸ್ತಿಯಾಯಿತೆಂದು ಮೋಸಹೋಗಿ ಇಡೀ ಚಿತ್ರವನ್ನು ಮಬ್ಬು ಮಾಡಿಬಿಡುತ್ತದೆ. ಆಗ ಚಕ್ರವನ್ನು ಪ್ಲಸ್ ಒಂದಕ್ಕೆ ತಿರುಗಿಸಿದರೆ ಗೋಡೆ ಗೋಡೆಯಂತೆ, ಮುಖ ಮುಖದಂತೆ ಬರುತ್ತದೆ. ಇಷ್ಟು ಕಲಿತದ್ದಕ್ಕೇ ನನಗೆ ಎರಡು ಕೊಂಬು ಬಂದಿದ್ದವು.

ತಂಗಿಗೆ ವರ ನೋಡಲು ಶುರುಮಾಡಿದ ವರ್ಷ, ಬಾಲಾನಗರದ ನಮ್ಮ ಬಾಡಿಗೆ ಮನೆಯ ಸುಣ್ಣದ ಗೋಡೆಗೆ ಅವಳನ್ನು ನಿಲ್ಲಿಸಿದೆ. ಕಲಬುರಗಿ ಕಡೆಯ ಸಂಬಂಧ. ಮೊದಲು ಫೋಟೊ ಕಳಿಸಬೇಕಿತ್ತು. ಪ್ಲಸ್ ಒಂದು ಸಾಕಿತ್ತು. ಅವ್ವ ಹಿಂದೆ ನಿಂತು, "ಜರಾ ಬೆಳ್ಳಗ ಬರಂಗ ತೆಗಿಯಪಾ," ಎಂದಳು. ನಾನು ಎರಡಕ್ಕೆ ಒಯ್ದೆ.

ತಂಗಿ ಪರದೆಯಲ್ಲಿ ನೋಡಿ, "ಅಣ್ಣಾ, ನಾನು ಇಷ್ಟು ಬೆಳ್ಳಗ ಎಲ್ಲಿ ಅದೀನಿ?" ಎಂದಳು.

"ಸುಮ್ಮನಿರು, ಎಲ್ಲಾರೂ ಹಿಂಗ ಕಳಸ್ತಾರ," ಎಂದೆ.

ಎರಡು ವಾರಕ್ಕೆ ಹುಡುಗನ ಕಡೆಯವರು ಬಂದರು. ತಂಗಿ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಹೊರಗೆ ಬಂದಾಗ ಹುಡುಗನ ತಾಯಿ ಮೊಬೈಲು ತೆಗೆದು ಫೋಟೊ ನೋಡಿದರು, ಇವಳನ್ನು ನೋಡಿದರು, ಮತ್ತೆ ಫೋಟೊ ನೋಡಿದರು. ಕೆಟ್ಟ ಮಾತೇನೂ ಆಡಲಿಲ್ಲ ಆಕೆ. ಅವ್ವನಿಗೆ ಮೆಲ್ಲಗೆ, "ಈಕಿ ಸಣ್ಣ ಮಗಳೇನ್ರಿ? ಫೋಟೊದಾಗಿನ ಅಕ್ಕನ್ನ ಕರೀರಲ್ಲ," ಎಂದರು.

ನಮ್ಮ ಮನೆಯಲ್ಲಿ ಇರುವುದು ಒಬ್ಬಳೇ ಮಗಳು. ಅವ್ವ ನನ್ನ ಕಡೆ ತಿರುಗಿದಳು. ನಾನು ನೆಲ ನೋಡುತ್ತ ನಿಂತೆ. ಕೊನೆಗೆ ತಂಗಿಯೇ, "ಇನ್ನೊಬ್ಬಾಕಿ ಇಲ್ರಿ. ಆಕಿನೂ ನಾನೇ," ಎಂದು ಹೇಳಿ, ಎಲ್ಲರಿಗೂ ತಟ್ಟೆ ಕೊಟ್ಟು ಒಳಗೆ ಹೋದಳು. ಸಂಬಂಧ ಅಲ್ಲಿಗೆ ಮುಗಿಯಿತು.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತಪ್ಪು ಅವ್ವನದು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಚಕ್ರ ತಿರುಗಿಸಿದ ಕೈ ನನ್ನದು, ಅವಳು ಕೇಳಿದಾಗ ಬಾಯಿ ಮುಚ್ಚಿಸಿದವನೂ ನಾನೇ.

ಕಳೆದ ವರ್ಷ ಮಾದಾಪುರದ ಒಂದು ಆಫೀಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಗುರುತಿನ ಚೀಟಿಗೆ ಫೋಟೊ ಬೇಕಿತ್ತು. ಅದೇ ಗೋಡೆಗೆ ನಿಲ್ಲುವ ಮೊದಲು ಕ್ಯಾಮೆರಾ ಇಸಿದುಕೊಂಡು, "ಅವತ್ತು ಯಾವುದು ತಿರುವಿದ್ದಿ?" ಎಂದು ಕೇಳಿದಳು. ತೋರಿಸಿದೆ. ತಾನೇ ಅದನ್ನು ಸೊನ್ನೆಗೆ ತಂದು ನನ್ನ ಕೈಗೆ ಕೊಟ್ಟಳು. "ಇದನ್ನ ಮುಟ್ಟಬ್ಯಾಡ. ನಾ ಹೆಂಗ ಅದೀನೋ ಹಂಗ ಬರಲಿ."

ಮುಟ್ಟಲಿಲ್ಲ. ಬಿಳಿ ಗೋಡೆ ಬೂದಿಬಣ್ಣಕ್ಕೆ ತಿರುಗಿತು. ಅವಳ ಮುಖ ಇರುವುದಕ್ಕಿಂತ ಕಪ್ಪಾಗಿ, ದಣಿದವಳಂತೆ ಬಂತು. ಅವಳು ಇದ್ದ ಹಾಗೆ ಬರಲು ಪ್ಲಸ್ ಒಂದು ಬೇಕೇ ಬೇಕೆಂದು ನನಗೆ ಗೊತ್ತಿತ್ತು. ಯಾವ ಮುಖ ಇಟ್ಟುಕೊಂಡು ಹೇಳಲಿ? ಅವಳು ಪರದೆಯನ್ನು ಬಹಳ ಹೊತ್ತು ನೋಡಿ, "ಹೂಂ, ಇದು ಖರೇ ಬಂದೈತಿ," ಎಂದಳು.

ಈಗ ದಿನಾ ಆ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಮೆಟ್ರೊ ಹತ್ತುತ್ತಾಳೆ.