ಬೆಕ್ಕಿನ ಮೇಲೆ ಹೊರಿಸಿದ ವಾಸನೆ

ನಲವತ್ತು ಜೋಳದ ರೊಟ್ಟಿ ಕಟ್ಟಿದ ಬಟ್ಟೆಯ ಗಂಟು ಬಿಚ್ಚಿದ ಕೂಡಲೇ ಖಾನಾವಳಿಯ ಒಡತಿ ಮೂಗು ಮುಚ್ಚಿಕೊಂಡರು.

"ಅಣ್ಣಾರ, ರೊಟ್ಟಿ ವಾಸ್ನಿ ಹೊಡ್ಯಾಕತ್ತಾವು. ನಿಮ್ಮನ್ಯಾಗ ಬೆಕ್ಕು ಅದಾವಂತ, ಹೌದೇನ್ರಿ?"

ಹರಪನಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಆ ಖಾನಾವಳಿಗೆ ನನ್ನ ಹೆಂಡತಿ ಆರು ವರ್ಷದಿಂದ ರೊಟ್ಟಿ ಬಡಿದು ಕೊಡುತ್ತಿದ್ದಾಳೆ. ಒಯ್ದು ಮುಟ್ಟಿಸುವುದು ನನ್ನ ಕೆಲಸ. ಊಟಕ್ಕೆ ಕೂತವರೆಲ್ಲ ತುತ್ತು ನಿಲ್ಲಿಸಿ ನನ್ನನ್ನೇ ನೋಡಿದರು, ಅವರ ತಟ್ಟೆಯ ಪಕ್ಕ ಗಲೀಜು ಮಾಡಿದವನು ನಾನೇ ಎಂಬಂತೆ.

"ನಾಳಿ ಒಂದಿನ ನೋಡ್ತೀನ್ರಿ. ಮತ್ತ ಹಿಂಗ ಬಂದ್ರ ಬ್ಯಾರೆ ಕಡಿ ಹೇಳ್ತೀನಿ."

ಗಂಟು ವಾಪಸು ಹೊತ್ತು ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಸಿಟ್ಟಿನಿಂದ ಕುದ್ದೆ. ಬೆಕ್ಕು ಸಾಕಿದ್ದು ನನ್ನ ಶೋಕಿಗೇ? ರೊಟ್ಟಿಗೆ ಜೋಳ ಬೇಕು, ಜೋಳದ ಚೀಲಕ್ಕೆ ಇಲಿ ಬರುತ್ತದೆ, ಇಲಿಗೆ ಬೆಕ್ಕು ಬೇಕು. ಇಲಿ ತಿಂದು ಬಿಟ್ಟ ಜೋಳದ ರೊಟ್ಟಿ ಕೊಟ್ಟಿದ್ದರೆ ಈ ಮೂಗುಗಳು ಏನು ಹೇಳುತ್ತಿದ್ದವು? ಬೆಕ್ಕುಗಳು ಗಲೀಜನ್ನು ಹೊರಗೆ ಹೋಗಿ ಮಾಡಿಕೊಂಡು ಬರಲಿ ಎಂದರೆ ನಮ್ಮ ಓಣಿಯಲ್ಲಿ ಗೋಡೆಯಿಂದ ಗೋಡೆಗೆ ಸಿಮೆಂಟು. ಕೆರೆದು ಮುಚ್ಚಲು ಒಂದು ಹಿಡಿ ಮಣ್ಣಿಲ್ಲ. ಅದಕ್ಕೇ ಮೆಟ್ಟಿಲ ಕೆಳಗೆ ಹಳೆಯ ಪ್ಲಾಸ್ಟಿಕ್ ಟಬ್ ಇಟ್ಟು, ಕಾಳು ಬಿಡಿಸಿ ಉಳಿದ ಮೆಕ್ಕೆಜೋಳದ ಬೆಂಡನ್ನು ಪುಡಿ ಮಾಡಿ ತುಂಬಿದ್ದೆ. ಚಿಗಟೇರಿಯ ಪರಿಚಯದ ರೈತರೊಬ್ಬರು ಕೇಳಿದಷ್ಟು ಬೆಂಡು ಕೊಡುತ್ತಾರೆ.

ದಿನಕ್ಕೆ ಎರಡು ಸಲ ಟಬ್ ಬಳಿಯುವವನೂ ನಾನೇ. ಪಕ್ಕದ ಮನೆಗೆ ವಾಸನೆ ಹೋಗಿಬಿಟ್ಟರೆ ಎಂಬ ಅಂಜಿಕೆಯಿಂದ, ಅವರು ಒಂದು ಮಾತೂ ಆಡುವ ಮೊದಲೇ, ಅದಕ್ಕೆ ಫಿನಾಯಿಲ್ ಸುರಿಯಲು ಶುರುಮಾಡಿ ಹದಿನೈದು ದಿನವಾಗಿತ್ತು. ನನ್ನ ಚಿಂತೆ ಯಾವಾಗಲೂ ತೊಂದರೆಗಿಂತ ಮುಂಚೆ ಬಂದು ಕೂತಿರುತ್ತದೆ.

ಈಗ ದೂರೇ ಬಂದ ಮೇಲೆ ಕೇಳಬೇಕೆ? ಫಿನಾಯಿಲ್ ದುಪ್ಪಟ್ಟಾಯಿತು. ಬಟ್ಟೆಯ ಟ್ರಂಕಿನಲ್ಲಿದ್ದ ಡಾಂಬರು ಗುಳಿಗೆಗಳನ್ನು ಟಬ್ಬಿನ ಸುತ್ತ ಸಾಲಾಗಿ ಇಟ್ಟೆ. ಊದಿನಕಡ್ಡಿ ಹಚ್ಚಿದೆ. ಬೆಕ್ಕುಗಳೆರಡೂ ಬಂದು, ಸೀನಿ, ನನ್ನ ಮುಖ ನೋಡಿ, ನೇರ ಜೋಳದ ಚೀಲದ ಹಿಂದೆ ಹೋಗಿ ಕೆಲಸ ಮುಗಿಸಿದವು.

ಹೆಂಡತಿ ನೋಡಿಬಿಟ್ಟಳು. "ಮುಗೀತ್ರಿ. ನಾಳಿ ರೊಟ್ಟಿ ವಾಪಸ್ ಬಂದ್ರ ಎರಡೂ ಬೆಕ್ಕು ತಂಬ್ರಹಳ್ಳಿ ಅಕ್ಕನ ಮನಿಗೆ ಬಿಟ್ಟು ಬರ್ರಿ. ಇಲ್ಲಾಂದ್ರ ಇನ್ನ ಮ್ಯಾಲ ರೊಟ್ಟಿ ನೀವ ಬಡೀರಿ."

ಮರುದಿನವೂ ಗಂಟು ವಾಪಸು ಬಂತು. ಮೊದಲ ದಿನದ ಗಂಟನ್ನು ಸಿಟ್ಟಿನಲ್ಲಿ ನೋಡದೆಯೇ ಆಕಳಿಗೆ ಹಾಕಿಸಿದ್ದ ಹೆಂಡತಿ ಈ ಸಲ ಬಟ್ಟೆಯನ್ನು ಮೂಗಿಗೆ ಹಿಡಿದಳು.

"ಇದು ಬೆಕ್ಕಿನ ವಾಸ್ನಿ ಏನ್ರಿ?"

"ಮತ್ತಿನ್ನೇನು?"

"ದವಾಖಾನಿ ವಾಸ್ನಿ! ಈ ಬಟ್ಟಿ ಎಲ್ಲಿ ಒಣಗ್ತಾವು? ಮೆಟ್ಲ ಕೆಳಗ, ನಿಮ್ಮ ಟಬ್ಬಿನ ಮ್ಯಾಲ. ನೀವು ಸುರಿದ ಫಿನಾಯ್ಲು ಬಟ್ಟಿಗೆ ಹತ್ತೈತಿ, ಬಟ್ಟಿದು ಬಿಸಿ ರೊಟ್ಟಿಗೆ ಹತ್ತೈತಿ. ಬೆಕ್ಕಿಗ್ಯಾಕ ಅಂತೀರಿ, ಅವು ನಿಮಗಿಂತ ಶಾಣ್ಯಾ ಅದಾವು."

ಫಿನಾಯಿಲ್ ಡಬ್ಬಿ, ಗುಳಿಗೆ, ಊದಿನಕಡ್ಡಿ ಎಲ್ಲ ಹೊರಗೆ ಹೋದವು. ಟಬ್ಬನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗಿಟ್ಟು ಬರೀ ಬೆಂಡಿನ ಪುಡಿ ತುಂಬಿದೆ. ಬೆಕ್ಕುಗಳು ಅವತ್ತೇ ಅದಕ್ಕೆ ಮರಳಿದವು. ನೆಲಕ್ಕೆ ಮೂಗು ಹಚ್ಚಿ ನೋಡಿದೆ, ಯಾವ ವಾಸನೆಯೂ ಇಲ್ಲ. ಹೆಂಡತಿ ಖಾನಾವಳಿಗೆ ಫೋನು ಮಾಡಿ ಇನ್ನೊಂದು ದಿನ ಬೇಡಿಕೊಂಡಳು. ಹೊಸ ಬಟ್ಟೆಯಲ್ಲಿ ರೊಟ್ಟಿ ಕಟ್ಟಿದಳು.

ಒಡತಿ ಒಂದು ಚೂರು ಮುರಿದು ಮೂಸಿ ಬಾಯಿಗೆ ಹಾಕಿಕೊಂಡರು. "ಹಾಂ, ಈಗ ಬರೋಬರಿ ಆತು ನೋಡ್ರಿ. ಬೆಕ್ಕು ಬಿಟ್ಟು ಬಂದ್ರಿ ಹೌದಲ್ಲ?"

ಬೆಕ್ಕಿನ ಪರವಾಗಿ ದಾರಿಯುದ್ದಕ್ಕೂ ಒಂದು ಭಾಷಣವನ್ನೇ ಕಟ್ಟಿಕೊಂಡು ಹೋಗಿದ್ದೆ. ಆದರೆ ಹತ್ತು ಜನ ರೊಟ್ಟಿಗೆ ಕಾಯುತ್ತಿದ್ದರು. ಅಷ್ಟು ಜನರೆದುರು ಫಿನಾಯಿಲ್ ಮಾತು ಹೇಗೆ ತೆಗೆಯುವುದು?

"ಹೂಂ ಅಕ್ಕಾರ," ಎಂದೆ. "ಬಿಟ್ಟು ಬಂದ್ವಿ."

ಏನೂ ಮಾಡದ ಎರಡು ಜೀವಗಳನ್ನು ನನ್ನ ಬಾಯಿಂದಲೇ ಊರು ಬಿಡಿಸಿದ್ದೆ. ಆ ಹೆಂಗಸಿನ ಮೇಲೆ ಕುದಿಯೋಣವೆಂದರೆ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ತಗೊಂಡ್ರೇನು?"

"ತಗೊಂಡ್ರು."

"ತಪ್ಪು ಬೆಕ್ಕಿಂದಲ್ಲ ಅಂತ ಹೇಳಿದ್ರಿಲ್ಲೋ?"

ಟಬ್ ಬಳಿಯುವ ಹಳೆಯ ಜಾಲರಿ ಸೌಟು ಹುಡುಕುವವನಂತೆ ನಾನು ಮೆಟ್ಟಿಲ ಕೆಳಗೆ ಬಗ್ಗಿದೆ.